ಡಾಕ್‌ಸ್ಟ್ರಿಂಗ್

ಡಾಕ್‌ಸ್ಟ್ರಿಂಗ್ ಎಂದರೆ ಕಂಪ್ಯೂಟರ್ ಪ್ರೋಗ್ರಾಮಿನ ಮೂಲ ಸಂಕೇತದಲ್ಲಿ (ಸೋರ್ಸ್ ಕೋಡ್) ಒಂದು ಫಂಕ್ಷನ್, ಕ್ಲಾಸ್ ಅಥವಾ ಮಾಡ್ಯೂಲಿನ ಉದ್ದೇಶ ಮತ್ತು ಬಳಕೆಯನ್ನು ತಿಳಿಸಲು ಅದರೊಳಗೇ ಬರೆದಿರುವ ವಿವರಣೆ. ಇದು ‘ಡಾಕ್ಯುಮೆಂಟೇಶನ್ ಸ್ಟ್ರಿಂಗ್’ ಎಂಬುದರ ಹ್ರಸ್ವರೂಪ. ಇದನ್ನು ಕನ್ನಡದಲ್ಲಿ ‘ವಿವರಣಾ ಪಠ್ಯ’ ಎನ್ನಬಹುದಾದರೂ ತರಗತಿಗಳಲ್ಲಿಯೂ ಕಚೇರಿಗಳಲ್ಲಿಯೂ ಡಾಕ್‌ಸ್ಟ್ರಿಂಗ್ ಎಂಬ ಹೆಸರೇ ರೂಢಿಯಲ್ಲಿದೆ. ಲಿಸ್ಪ್, ಪೈಥಾನ್, ಕ್ಲೋಜರ್, ಎಲಿಕ್ಸರ್, ಜೂಲಿಯಾ ಮೊದಲಾದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಈ ಸೌಲಭ್ಯವಿದೆ. ಫಂಕ್ಷನ್ ಯಾವ ಮೌಲ್ಯಗಳನ್ನು ಸ್ವೀಕರಿಸುತ್ತದೆ, ಯಾವ ಮಾನದಲ್ಲಿ ಸ್ವೀಕರಿಸುತ್ತದೆ, ಏನನ್ನು ಹಿಂತಿರುಗಿಸುತ್ತದೆ, ಯಾವ ಸಂದರ್ಭದಲ್ಲಿ ದೋಷವನ್ನು ಸೂಚಿಸುತ್ತದೆ ಎಂಬ ನಾಲ್ಕು ಸಂಗತಿಗಳು ಉತ್ತಮ ಡಾಕ್‌ಸ್ಟ್ರಿಂಗಿನ ತಿರುಳು.

ಟಿಪ್ಪಣಿಗೂ ಡಾಕ್‌ಸ್ಟ್ರಿಂಗಿಗೂ ಇರುವ ವ್ಯತ್ಯಾಸ

ಮೂಲ ಸಂಕೇತದಲ್ಲಿ ಮನುಷ್ಯರ ಓದಿಗಾಗಿ ಬರೆಯುವ ಮಾತುಗಳು ಎರಡು ಬಗೆ. ಮೊದಲನೆಯದು ಟಿಪ್ಪಣಿ (ಕಾಮೆಂಟ್). ಪೈಥಾನಿನಲ್ಲಿ # ಚಿಹ್ನೆಯ ಮುಂದೆ ಬರೆದ ಟಿಪ್ಪಣಿಯನ್ನು ಭಾಷೆಯ ಸಂಸ್ಕಾರಕ ತಂತ್ರಾಂಶವು ಓದುವ ಮೊದಲ ಹಂತದಲ್ಲೇ ಕೈಬಿಡುತ್ತದೆ. ಪ್ರೋಗ್ರಾಮ್ ನಡೆಯುವಾಗ ಅದರ ಸುಳಿವೂ ಉಳಿದಿರುವುದಿಲ್ಲ. ಎರಡನೆಯದು ಡಾಕ್‌ಸ್ಟ್ರಿಂಗ್. ಇದು ಫಂಕ್ಷನ್ನಿನ ಅಂಗವಾಗಿಯೇ ಉಳಿಯುತ್ತದೆ, ಪ್ರೋಗ್ರಾಮ್ ನಡೆಯುತ್ತಿರುವಾಗಲೂ ಕೇಳಿದರೆ ದೊರೆಯುತ್ತದೆ. ಪೈಥಾನಿನ ‘ಹೆಲ್ಪ್’ ಎಂಬ ಆದೇಶಕ್ಕೆ ಫಂಕ್ಷನ್ನಿನ ಹೆಸರನ್ನು ಕೊಟ್ಟರೆ ತೆರೆಯ ಮೇಲೆ ಮೂಡುವುದು ಈ ಪಠ್ಯವೇ. ಸಂಕೇತ ಬರೆಯುವ ಸಂಪಾದಕ ತಂತ್ರಾಂಶಗಳಲ್ಲಿ ಫಂಕ್ಷನ್ನಿನ ಹೆಸರಿನ ಮೇಲೆ ಮೌಸ್ ಬಾಣವನ್ನು ನಿಲ್ಲಿಸಿದಾಗ ತೆರೆಯುವ ಪುಟ್ಟ ಚೌಕದಲ್ಲಿ ಕಾಣುವುದೂ ಇದೇ.

ಇವೆರಡರ ಓದುಗರೂ ಬೇರೆ ಬೇರೆ. ಟಿಪ್ಪಣಿಯು ಫಂಕ್ಷನ್ನಿನ ಒಳಭಾಗವನ್ನು ತಿದ್ದುವವರಿಗಾಗಿ ಇರುವಂಥದು. ಒಂದು ಸಾಲನ್ನು ಹಾಗೇಕೆ ಬರೆಯಲಾಯಿತು ಎಂಬ ಕಾರಣ ಅಲ್ಲಿರಬೇಕು. ಡಾಕ್‌ಸ್ಟ್ರಿಂಗ್ ಇರುವುದು ಒಳಭಾಗವನ್ನು ನೋಡದೆಯೇ ಫಂಕ್ಷನ್ನನ್ನು ಬಳಸುವವರಿಗಾಗಿ. ಗೋಡೆಗಡಿಯಾರವನ್ನು ರಿಪೇರಿ ಮಾಡುವವನಿಗೆ ಬೇಕಾದ ವಿವರ ಒಂದು, ಗಂಟೆ ನೋಡುವವನಿಗೆ ಬೇಕಾದದ್ದು ಇನ್ನೊಂದು. ಒಳಗಿನ ಚಕ್ರಗಳ ವರ್ಣನೆಯನ್ನು ಡಾಕ್‌ಸ್ಟ್ರಿಂಗಿನಲ್ಲಿ ತುಂಬಿದರೆ ಬಳಸುವವರಿಗೆ ಅದು ಹೊರೆಯಾಗುತ್ತದೆ.

ಇತಿಹಾಸ

1970ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಮತ್ತು ಸಂಗಡಿಗರು ರೂಪಿಸಿದ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕವು ‘ತನ್ನನ್ನು ತಾನೇ ವಿವರಿಸಿಕೊಳ್ಳುವ’ ತಂತ್ರಾಂಶ ಎಂದು ಹೆಸರಾಯಿತು. ಅದರ ಬಳಕೆದಾರರು ಯಾವುದೇ ಆದೇಶದ ಅರ್ಥವನ್ನು ಆ ತಂತ್ರಾಂಶದೊಳಗಿಂದಲೇ ಕೇಳಿ ತಿಳಿಯಬಹುದಾಗಿತ್ತು. ಮುಂದೆ ಈಮ್ಯಾಕ್ಸ್ ಲಿಸ್ಪ್ ಮತ್ತು ಕಾಮನ್ ಲಿಸ್ಪ್ ಭಾಷೆಗಳಲ್ಲಿ ಫಂಕ್ಷನ್ನಿನ ವ್ಯಾಖ್ಯೆಯೊಳಗೆ ವಿವರಣೆಯನ್ನು ಸೇರಿಸುವ ಕ್ರಮ ನೆಲೆಗೊಂಡಿತು.

1984ರಲ್ಲಿ ಡೊನಾಲ್ಡ್ ಕ್ನೂತ್ ಅವರು ‘ಸಾಕ್ಷರ ಪ್ರೋಗ್ರಾಮಿಂಗ್’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಪ್ರೋಗ್ರಾಮನ್ನು ಯಂತ್ರಕ್ಕೆ ಕೊಡುವ ಆಜ್ಞೆಗಳ ಪಟ್ಟಿ ಎಂದು ಭಾವಿಸದೆ, ಮನುಷ್ಯರಿಗೆ ಬರೆದ ಪ್ರಬಂಧವೆಂದು ಭಾವಿಸಬೇಕು ಎಂಬುದು ಅದರ ಸಾರ. ಡಾಕ್‌ಸ್ಟ್ರಿಂಗ್ ಅಷ್ಟು ದೂರ ಹೋಗುವುದಿಲ್ಲ. ಸಂಕೇತದ ಕ್ರಮವನ್ನು ಬದಲಿಸದೆ, ಪ್ರತಿ ಘಟಕದ ಬಾಗಿಲಲ್ಲಿ ಒಂದು ಫಲಕವನ್ನು ತೂಗುಹಾಕುವುದಷ್ಟೇ ಅದರ ಕೆಲಸ.

ಗೈಡೊ ವಾನ್ ರೋಸಮ್ ಅವರು 1991ರಲ್ಲಿ ಮೊದಲು ಬಿಡುಗಡೆ ಮಾಡಿದ ಪೈಥಾನ್ ಭಾಷೆಯಿಂದ ಈ ಪದ್ಧತಿ ಹೆಚ್ಚು ಜನಪ್ರಿಯವಾಯಿತು. ಡೇವಿಡ್ ಗುಡ್ಜರ್ ಮತ್ತು ವಾನ್ ರೋಸಮ್ 2001ರಲ್ಲಿ ‘ಪೆಪ್ 257’ ಎಂಬ ದಾಖಲೆಯಲ್ಲಿ ಡಾಕ್‌ಸ್ಟ್ರಿಂಗ್ ಬರೆಯುವ ರೂಢಿಗಳನ್ನು ಕ್ರೋಡೀಕರಿಸಿದರು. ಅದೇ ವರ್ಷ ಬಂದ ಪೈಥಾನ್ 2.1 ಆವೃತ್ತಿಯಲ್ಲಿ ಡಾಕ್‌ಸ್ಟ್ರಿಂಗಿನಿಂದ ಸಹಾಯಪುಟಗಳನ್ನು ಸಿದ್ಧಪಡಿಸುವ ‘ಪೈಡಾಕ್’ ಮತ್ತು ಅದರೊಳಗಿನ ಉದಾಹರಣೆಗಳನ್ನು ಪರೀಕ್ಷಿಸುವ ‘ಡಾಕ್‌ಟೆಸ್ಟ್’ ಎಂಬ ಉಪಕರಣಗಳು ಸೇರಿದವು. 2008ರಲ್ಲಿ ಗಿಯೋರ್ಗ್ ಬ್ರಾಂಡ್ಲ್ ಅವರು ಬಿಡುಗಡೆ ಮಾಡಿದ ‘ಸ್ಫಿಂಕ್ಸ್’ ತಂತ್ರಾಂಶವು ಡಾಕ್‌ಸ್ಟ್ರಿಂಗ್‌ಗಳಿಂದ ಜಾಲಪುಟ ಹಾಗೂ ಪುಸ್ತಕರೂಪದ ಕೈಪಿಡಿಗಳನ್ನು ತಯಾರಿಸಬಲ್ಲದು.

ಜಾವಾ ಭಾಷೆಯ ‘ಜಾವಾಡಾಕ್’ ಕೂಡ ಇದೇ ಉದ್ದೇಶದ್ದು. ಆದರೆ ಅದು ವಿಶೇಷ ಚಿಹ್ನೆಗಳಿಂದ ಗುರುತಿಸಿದ ಟಿಪ್ಪಣಿ. ಅದನ್ನು ಪ್ರತ್ಯೇಕ ಉಪಕರಣವೊಂದು ಓದಿ ಪುಟಗಳನ್ನು ತಯಾರಿಸುತ್ತದೆಯೇ ಹೊರತು ನಡೆಯುತ್ತಿರುವ ಪ್ರೋಗ್ರಾಮಿನಲ್ಲಿ ಅದು ಇರುವುದಿಲ್ಲ. ಈ ಕಾರಣದಿಂದ ಜಾವಾಡಾಕನ್ನು ಕಟ್ಟುನಿಟ್ಟಾದ ಅರ್ಥದಲ್ಲಿ ಡಾಕ್‌ಸ್ಟ್ರಿಂಗ್ ಎನ್ನುವುದಿಲ್ಲ.

ಕನ್ನಡ ಶಾಸ್ತ್ರಗ್ರಂಥಗಳಲ್ಲಿ ಸಮಾನ ಪದ್ಧತಿ

ಅಡಕವಾದ ನಿಯಮದ ಪಕ್ಕದಲ್ಲೇ ಅದರ ವಿವರಣೆಯನ್ನು ಇಡುವ ಕ್ರಮ ಕನ್ನಡ ಓದುಗರಿಗೆ ಹೊಸತಲ್ಲ. ಸುಮಾರು ಕ್ರಿ.ಶ. 1260ರಲ್ಲಿ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ವ್ಯಾಕರಣದ ನಿಯಮಗಳು ಕಂದಪದ್ಯದ ಸೂತ್ರಗಳಾಗಿವೆ. ಸೂತ್ರದ ಬಳಿಕ ಅದನ್ನು ಗದ್ಯದಲ್ಲಿ ಬಿಡಿಸುವ ವೃತ್ತಿ, ಅದರ ಬಳಿಕ ಕವಿಗಳ ಬಳಕೆಯಿಂದ ಆಯ್ದ ಪ್ರಯೋಗಗಳು ಬರುತ್ತವೆ. 1604ರಲ್ಲಿ ಭಟ್ಟಾಕಳಂಕದೇವನು ಕನ್ನಡ ಭಾಷೆಗೆ ಸಂಸ್ಕೃತದಲ್ಲಿ ಬರೆದ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ 592 ಸೂತ್ರಗಳಿದ್ದು, ಅವಕ್ಕೆ ‘ಭಾಷಾಮಂಜರಿ’ ಎಂಬ ವೃತ್ತಿಯನ್ನೂ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನವನ್ನೂ ಅವನೇ ರಚಿಸಿದನು.

ಈ ಗ್ರಂಥಗಳಿಗೂ ಕಂಪ್ಯೂಟರಿಗೂ ಐತಿಹಾಸಿಕ ಸಂಬಂಧವಿಲ್ಲ. ಆದರೂ ಹೋಲಿಕೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಫಂಕ್ಷನ್ನಿನ ಸಂಕೇತವು ಸೂತ್ರದಂತೆ ಅಡಕವಾದದ್ದು, ಡಾಕ್‌ಸ್ಟ್ರಿಂಗ್ ಅದರ ವೃತ್ತಿ, ಡಾಕ್‌ಸ್ಟ್ರಿಂಗಿನೊಳಗಿನ ಉದಾಹರಣೆಯು ಪ್ರಯೋಗ. ಸೂತ್ರಕಾರನೇ ವೃತ್ತಿಯನ್ನು ಬರೆದಾಗ ಅವನ ಉದ್ದೇಶ ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಯುತ್ತದೆ. ಬರೆಯದೆ ಬಿಟ್ಟಾಗ ಮುಂದಿನವರು ಊಹೆ ಮಾಡಬೇಕಾಗುತ್ತದೆ, ಊಹೆಗಳು ಒಂದಕ್ಕೊಂದು ಹೊಂದದಿದ್ದಾಗ ವಾದಗಳು ಹುಟ್ಟುತ್ತವೆ. ಫಂಕ್ಷನ್ನನ್ನು ಬರೆದವರೇ ಅದೇ ದಿನ ಡಾಕ್‌ಸ್ಟ್ರಿಂಗನ್ನೂ ಬರೆಯಬೇಕೆಂಬ ಸಲಹೆಗೆ ಇದೇ ಆಧಾರ.

ರಚನೆಯ ನಿಯಮಗಳು

ಪೈಥಾನಿನಲ್ಲಿ ಫಂಕ್ಷನ್ನಿನ ಹೆಸರಿರುವ ಸಾಲಿನ ನಂತರ ಬರುವ ಮೊದಲ ಹೇಳಿಕೆಯು ಬರಿಯ ಪಠ್ಯವಾಗಿದ್ದರೆ ಅದೇ ಡಾಕ್‌ಸ್ಟ್ರಿಂಗ್ ಆಗುತ್ತದೆ. ಅದಕ್ಕಿಂತ ಮೊದಲು ಬೇರೊಂದು ಹೇಳಿಕೆ ಬಂದರೆ ಆ ಪಠ್ಯಕ್ಕೆ ಡಾಕ್‌ಸ್ಟ್ರಿಂಗಿನ ಸ್ಥಾನ ದೊರೆಯುವುದಿಲ್ಲ. ಪೆಪ್ 257ರ ಮುಖ್ಯ ರೂಢಿಗಳು ಇಂತಿವೆ:

1. ಪಠ್ಯವು ಒಂದೇ ಸಾಲಿನದಾದರೂ ಅದನ್ನು ಮೂರು ಜೋಡಿ ಉದ್ಧರಣ ಚಿಹ್ನೆಗಳ (""") ನಡುವೆ ಇಡಬೇಕು. ಮುಂದೆ ಅದನ್ನು ಹಿಗ್ಗಿಸುವುದು ಇದರಿಂದ ಸುಲಭವಾಗುತ್ತದೆ.

2. ಮೊದಲ ಸಾಲು ಸಾರಾಂಶವಾಗಿದ್ದು, ತನ್ನಷ್ಟಕ್ಕೆ ಪೂರ್ಣವಾಗಿರಬೇಕು ಮತ್ತು ಪೂರ್ಣವಿರಾಮದಿಂದ ಮುಗಿಯಬೇಕು. ಅನೇಕ ಉಪಕರಣಗಳು ಈ ಒಂದು ಸಾಲನ್ನು ಮಾತ್ರ ಪಟ್ಟಿಯಲ್ಲಿ ತೋರಿಸುತ್ತವೆ.

3. ಇನ್ನೂ ಹೇಳುವುದಿದ್ದರೆ ಸಾರಾಂಶದ ಬಳಿಕ ಒಂದು ಖಾಲಿ ಸಾಲು ಬಿಟ್ಟು ವಿವರವನ್ನು ಬರೆಯಬೇಕು.

4. ಸಾರಾಂಶವು ವರ್ಣನೆಯ ರೂಪದಲ್ಲಿರದೆ ಆಜ್ಞೆಯ ರೂಪದಲ್ಲಿರಬೇಕು.

5. ಫಂಕ್ಷನ್ನಿನ ಹೆಸರನ್ನೂ ಅದು ಸ್ವೀಕರಿಸುವ ಮೌಲ್ಯಗಳ ಹೆಸರುಗಳನ್ನೂ ಸಾರಾಂಶದಲ್ಲಿ ಸುಮ್ಮನೆ ಪುನರುಚ್ಚರಿಸಬಾರದು. ಅವನ್ನು ಯಂತ್ರವೇ ತೋರಿಸಬಲ್ಲದು.

ನಾಲ್ಕನೆಯ ರೂಢಿಯನ್ನು ಕನ್ನಡ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಕ್ರಿಯಾಪದವು ವಿಧ್ಯರ್ಥದಲ್ಲಿರಬೇಕು. ‘ಮೊತ್ತವನ್ನು ಹಿಂತಿರುಗಿಸುತ್ತದೆ’ ಎಂಬುದರ ಬದಲು ‘ಮೊತ್ತವನ್ನು ಹಿಂತಿರುಗಿಸು’ ಎಂದು ಬರೆಯುವುದು ಪೈಥಾನಿನ ಕ್ರಮ. ಜಾವಾದ ರೂಢಿ ಇದಕ್ಕೆ ವಿರುದ್ಧವಾಗಿದ್ದು, ಅಲ್ಲಿ ಪ್ರಥಮಪುರುಷದ ವರ್ಣನೆಯೇ ಮೆಚ್ಚುಗೆಯದು. ಯಾವುದನ್ನು ಆರಿಸಿಕೊಂಡರೂ ಒಂದು ಯೋಜನೆಯ ಉದ್ದಕ್ಕೂ ಒಂದೇ ರೂಪವನ್ನು ಪಾಲಿಸುವುದು ಮುಖ್ಯ.

ದೀರ್ಘ ಡಾಕ್‌ಸ್ಟ್ರಿಂಗಿನ ಒಳಗಿನ ವಿಭಾಗಗಳನ್ನು ಜೋಡಿಸಲು ಮೂರು ಶೈಲಿಗಳು ಬಳಕೆಯಲ್ಲಿವೆ: ಸ್ಫಿಂಕ್ಸ್ ನೇರವಾಗಿ ಓದುವ ‘ರೀಸ್ಟ್ರಕ್ಚರ್ಡ್‌ಟೆಕ್ಸ್ಟ್’ ಶೈಲಿ, ಗೂಗಲ್ ಶೈಲಿ ಮತ್ತು ಗಣಿತದ ಲೆಕ್ಕಗಳಿಗೆ ಬಳಸುವ ನಂಪೈ ಗ್ರಂಥಾಲಯದ ಶೈಲಿ. ಮೂರರಲ್ಲೂ ತುಂಬಬೇಕಾದ ವಿಷಯ ಒಂದೇ, ತಲೆಬರಹಗಳ ವಿನ್ಯಾಸ ಮಾತ್ರ ಬೇರೆ.

ಒಂದು ಉದಾಹರಣೆ: ಪಹಣಿಯ ವಿಸ್ತೀರ್ಣ

ಡಾಕ್‌ಸ್ಟ್ರಿಂಗ್ ಇಲ್ಲದಿದ್ದರೆ ಆಗಬಹುದಾದ ನಷ್ಟವನ್ನು ಕರ್ನಾಟಕದ ಭೂದಾಖಲೆಯ ಒಂದು ಸಂಗತಿಯಿಂದ ಅರಿಯಬಹುದು. ರಾಜ್ಯದ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ, ನಡುವೆ ಚುಕ್ಕೆಯಿಟ್ಟು ಬರೆಯುತ್ತಾರೆ. 40 ಗುಂಟೆಗೆ 1 ಎಕರೆ. ಗುಬ್ಬಿ ತಾಲ್ಲೂಕಿನ ಒಂದು ತೆಂಗಿನ ತೋಟದ ಪಹಣಿಯಲ್ಲಿ 2.20 ಎಂದಿದೆ ಎಂದು ಭಾವಿಸೋಣ. ಊರಿನ ಯಾರನ್ನು ಕೇಳಿದರೂ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ ಎಂದು ಹೇಳುತ್ತಾರೆ. ದೂರದ ನಗರದಲ್ಲಿ ಕುಳಿತು ಪ್ರೋಗ್ರಾಮ್ ಬರೆಯುವ, ಗುಂಟೆಯ ಲೆಕ್ಕವನ್ನು ಕೇಳರಿಯದ ತರುಣನಿಗೆ ಅದು ದಶಮಾಂಶ ಸಂಖ್ಯೆಯಾಗಿ ಕಾಣುತ್ತದೆ. ಅವನ ಲೆಕ್ಕದಲ್ಲಿ ಜಮೀನು 2.2 ಎಕರೆ.

ಎರಡು ಲೆಕ್ಕಗಳ ಅಂತರ 0.3 ಎಕರೆ, ಎಂದರೆ 12 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿಯಂತೆ 13,068 ಚದರ ಅಡಿ ಭೂಮಿ ಲೆಕ್ಕದಿಂದ ಮಾಯವಾಗುತ್ತದೆ. ಎಕರೆವಾರು ಲೆಕ್ಕ ಹಾಕಿ ಕೊಡುವ ಸಾಲ, ಬೆಳೆವಿಮೆ, ಪರಿಹಾರ ಎಲ್ಲವೂ ಆ ಪ್ರಮಾಣದಲ್ಲಿ ಕುಗ್ಗುತ್ತವೆ. ಯಂತ್ರವು ಯಾವ ದೋಷವನ್ನೂ ಸೂಚಿಸುವುದಿಲ್ಲ, ಏಕೆಂದರೆ 2.2 ಎಂಬುದು ನಿರ್ದುಷ್ಟವಾದ ಸಂಖ್ಯೆಯೇ ಆಗಿದೆ.

ಇಲ್ಲಿ ಇನ್ನೊಂದು ತೊಡಕೂ ಅಡಗಿದೆ. ಕಂಪ್ಯೂಟರ್ 2.20 ಎಂಬುದನ್ನು ಸಂಖ್ಯೆಯಾಗಿ ಸ್ವೀಕರಿಸಿದರೆ ಕೊನೆಯ ಸೊನ್ನೆ ಅಳಿದು 2.2 ಆಗುತ್ತದೆ. ಆಗ ಅದು 2 ಎಕರೆ 20 ಗುಂಟೆಯೋ 2 ಎಕರೆ 2 ಗುಂಟೆಯೋ ಎಂಬುದನ್ನು ಯಾವ ಜಾಣತನದಿಂದಲೂ ಮರಳಿ ತಿಳಿಯಲಾಗದು. ಆದ್ದರಿಂದ ಈ ಮೌಲ್ಯವನ್ನು ಸಂಖ್ಯೆಯಾಗಿ ಅಲ್ಲದೆ ಪಠ್ಯವಾಗಿ ಸ್ವೀಕರಿಸುವುದು ಅಗತ್ಯ. ಇಂತಹ ಸಂಗತಿಯನ್ನು ಬಳಸುವವರಿಗೆ ತಿಳಿಸಲು ಡಾಕ್‌ಸ್ಟ್ರಿಂಗಿಗಿಂತ ಸೂಕ್ತವಾದ ಸ್ಥಳವಿಲ್ಲ. ‘ಎಕರೆಗೆ_ಬದಲಿಸು’ ಎಂಬ ಫಂಕ್ಷನ್ನಿಗೆ ಹೀಗೊಂದು ಡಾಕ್‌ಸ್ಟ್ರಿಂಗನ್ನು ಬರೆಯಬಹುದು:

"""ಪಹಣಿಯ ವಿಸ್ತೀರ್ಣವನ್ನು ದಶಮಾಂಶ ಎಕರೆಗೆ ಬದಲಿಸಿ ಹಿಂತಿರುಗಿಸು.

ಪಹಣಿಯಲ್ಲಿ ಚುಕ್ಕೆಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ ಇರುತ್ತದೆ. ಇದು ದಶಮಾಂಶ ಸಂಖ್ಯೆಯಲ್ಲ. 40 ಗುಂಟೆಗೆ 1 ಎಕರೆ.

ಸ್ವೀಕರಿಸುವುದು:
    ವಿಸ್ತೀರ್ಣ: ಪಠ್ಯರೂಪದಲ್ಲಿರಬೇಕು. ಗುಂಟೆಯನ್ನು ಎರಡು ಅಂಕಿಗಳಲ್ಲಿ ಬರೆದಿರಬೇಕು (2 ಗುಂಟೆಗೆ 02).

ಹಿಂತಿರುಗಿಸುವುದು:
    ಎಕರೆಯ ಲೆಕ್ಕದಲ್ಲಿ ದಶಮಾಂಶ ಸಂಖ್ಯೆ.

ದೋಷ:
    ಗುಂಟೆ 39ಕ್ಕಿಂತ ಹೆಚ್ಚಿದ್ದರೆ, ಎರಡು ಅಂಕಿಗಳಲ್ಲಿ ಇಲ್ಲದಿದ್ದರೆ ಅಥವಾ ಆಣೆಯ ಭಾಗವೂ ಸೇರಿದ್ದರೆ ಮೌಲ್ಯದೋಷವನ್ನು ಸೂಚಿಸುತ್ತದೆ.

ಉದಾಹರಣೆ:
    >>> ಎಕರೆಗೆ_ಬದಲಿಸು("2.20")
    2.5
    >>> ಎಕರೆಗೆ_ಬದಲಿಸು("1.10")
    1.25
"""

ಈ ಪಠ್ಯದಲ್ಲಿ ಫಂಕ್ಷನ್ ಒಳಗೆ ಯಾವ ಕ್ರಮದಲ್ಲಿ ಭಾಗಿಸುತ್ತದೆ, ಕೂಡಿಸುತ್ತದೆ ಎಂಬ ಮಾತಿಲ್ಲ. ಅದನ್ನು ಸಂಕೇತವೇ ಹೇಳುತ್ತದೆ. ಸಂಕೇತ ಹೇಳಲಾರದ ಸಂಗತಿಗಳು ಮಾತ್ರ ಇಲ್ಲಿವೆ: ಚುಕ್ಕೆಯ ಅರ್ಥ, ಮಾನ, ಅಂಕಿಗಳ ನಿಯಮ ಮತ್ತು ಫಂಕ್ಷನ್ ನಿಭಾಯಿಸದ ಸಂದರ್ಭಗಳು. ‘ವಿಸ್ತೀರ್ಣವನ್ನು ಬದಲಿಸು’ ಎಂದಷ್ಟೇ ಬರೆದಿದ್ದರೆ ನಿಯಮಕ್ಕಾಗಿ ಒಂದು ಡಾಕ್‌ಸ್ಟ್ರಿಂಗ್ ಇದ್ದಂತಾಗುತ್ತಿತ್ತು, ಆದರೆ 12 ಗುಂಟೆ ಉಳಿಯುತ್ತಿರಲಿಲ್ಲ. (ಇದು ವಿವರಣೆಗಾಗಿ ಕಲ್ಪಿಸಿದ ಫಂಕ್ಷನ್. ಭೂಮಿ ತಂತ್ರಾಂಶದ ಒಳರಚನೆಗೂ ಇದಕ್ಕೂ ಸಂಬಂಧವಿಲ್ಲ.)

ಉದಾಹರಣೆಗಳ ಪರೀಕ್ಷೆ

ಡಾಕ್‌ಸ್ಟ್ರಿಂಗಿನ ಮೇಲಿರುವ ದೊಡ್ಡ ಆಕ್ಷೇಪಣೆಯೆಂದರೆ ಅದು ಹಳತಾಗಬಹುದು ಎಂಬುದು. ಸಂಕೇತವನ್ನು ತಿದ್ದಿದವರು ವಿವರಣೆಯನ್ನು ತಿದ್ದಲು ಮರೆತರೆ ಯಂತ್ರಕ್ಕೆ ಅದು ತಿಳಿಯದು. ಅಂತಹ ವಿವರಣೆ ಇಲ್ಲದಿರುವುದಕ್ಕಿಂತಲೂ ಅಪಾಯಕಾರಿ, ಏಕೆಂದರೆ ಓದುವವರು ಅದನ್ನು ನಂಬುತ್ತಾರೆ.

ಡಾಕ್‌ಟೆಸ್ಟ್ ಉಪಕರಣವು ಈ ತೊಂದರೆಗೆ ಭಾಗಶಃ ಪರಿಹಾರ ಒದಗಿಸುತ್ತದೆ. ಟಿಮ್ ಪೀಟರ್ಸ್ ರಚಿಸಿದ ಈ ಉಪಕರಣವು ಡಾಕ್‌ಸ್ಟ್ರಿಂಗಿನಲ್ಲಿ >>> ಚಿಹ್ನೆಯಿಂದ ಆರಂಭವಾಗುವ ಸಾಲುಗಳನ್ನು ಹುಡುಕಿ, ಅವನ್ನು ನಿಜವಾಗಿಯೂ ನಡೆಸಿ, ಬಂದ ಉತ್ತರವನ್ನು ಕೆಳಗೆ ಬರೆದ ಉತ್ತರದೊಡನೆ ಅಕ್ಷರಶಃ ಹೋಲಿಸುತ್ತದೆ. ಮೇಲಿನ ಫಂಕ್ಷನ್ನನ್ನು ಯಾರಾದರೂ ದಶಮಾಂಶದ ಲೆಕ್ಕಕ್ಕೆ ತಿದ್ದಿದರೆ 2.5ರ ಬದಲು 2.2 ಎಂಬ ಉತ್ತರ ಬಂದು, ಪರೀಕ್ಷೆ ಆ ಕ್ಷಣವೇ ವಿಫಲವಾಗುತ್ತದೆ. ಉದಾಹರಣೆಗಳನ್ನು ಆರಿಸುವಾಗಲೂ ವಿವೇಕ ಬೇಕು. "2.00" ಎಂಬ ಉದಾಹರಣೆಗೆ ಸರಿಯಾದ ಲೆಕ್ಕದಲ್ಲೂ ತಪ್ಪು ಲೆಕ್ಕದಲ್ಲೂ 2.0 ಎಂಬ ಉತ್ತರವೇ ಬರುವುದರಿಂದ ಅದು ಏನನ್ನೂ ಪರೀಕ್ಷಿಸುವುದಿಲ್ಲ. ತಪ್ಪು ಮತ್ತು ಸರಿ ಬೇರೆಯಾಗುವ ಎಡೆಯಿಂದ ಉದಾಹರಣೆಯನ್ನು ಆಯಬೇಕು.

ಗದ್ಯದಲ್ಲಿ ಬರೆದ ವಾಕ್ಯಗಳನ್ನು ಡಾಕ್‌ಟೆಸ್ಟ್ ಪರೀಕ್ಷಿಸಲಾರದು. ಅವುಗಳ ಸತ್ಯಾಸತ್ಯತೆಯನ್ನು ಸಹೋದ್ಯೋಗಿಗಳು ಓದಿಯೇ ನೋಡಬೇಕು.

ಮಿತಿಗಳು

ಬರೆದಿಟ್ಟ ವಿವರಣೆಯನ್ನು ಪಾಲಿಸದಿದ್ದರೆ ಅದರಿಂದ ಪ್ರಯೋಜನವಿಲ್ಲ ಎಂಬುದಕ್ಕೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯ ಪ್ರಸಂಗ ಪ್ರಸಿದ್ಧ ನಿದರ್ಶನ. 1998ರ ಡಿಸೆಂಬರಿನಲ್ಲಿ ಹೊರಟ ಈ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ಸಮೀಪಿಸುವಾಗ ನಾಶವಾಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶವು ನೌಕೆಯ ಎಂಜಿನ್ನಿನ ಆವೇಗವನ್ನು ಪೌಂಡ್-ಸೆಕೆಂಡ್ ಮಾನದಲ್ಲಿ ಕೊಟ್ಟರೆ, ಅದನ್ನು ಸ್ವೀಕರಿಸಿದ ಇನ್ನೊಂದು ತಂತ್ರಾಂಶವು ನ್ಯೂಟನ್-ಸೆಕೆಂಡ್ ಎಂದು ಭಾವಿಸಿತು. ಒಂದು ಪೌಂಡ್ ಬಲವು ಸುಮಾರು 4.45 ನ್ಯೂಟನ್‌ಗೆ ಸಮ. ಮೆಟ್ರಿಕ್ ಮಾನವನ್ನೇ ಬಳಸಬೇಕೆಂದು ಯೋಜನೆಯ ದಾಖಲೆಯಲ್ಲಿ ಬರೆದಿತ್ತು. ಆದರೆ ಸಂಕೇತವು ಆ ದಾಖಲೆಯಂತೆ ನಡೆಯಲಿಲ್ಲ, ವ್ಯತ್ಯಾಸವನ್ನು ಪರೀಕ್ಷೆಯೂ ಹಿಡಿಯಲಿಲ್ಲ. ಬರಹ, ಸಂಕೇತ ಮತ್ತು ಪರೀಕ್ಷೆ ಈ ಮೂರೂ ಒಂದನ್ನೊಂದು ಕಾಯಬೇಕು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಜೀವರಕ್ಷಣೆಗೆ ಸಂಬಂಧಿಸಿದ ಕ್ಷೇತ್ರಗಳಲ್ಲಿ ಡಾಕ್‌ಸ್ಟ್ರಿಂಗ್ ಮಾತ್ರ ಸಾಕಾಗುವುದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಬಳಿಕ ವಾಯುಯಾನದ ತಂತ್ರಜ್ಞಾನವು ಈ ಭಾಗದ ವಿದ್ಯಾರ್ಥಿಗಳಿಗೆ ಹತ್ತಿರದ ವಿಷಯವಾಗಿದೆ. ವಿಮಾನ, ಹೆಲಿಕಾಪ್ಟರ್‌ಗಳಲ್ಲಿ ಬಳಸುವ ತಂತ್ರಾಂಶಕ್ಕೆ ಜಗತ್ತಿನಾದ್ಯಂತ ಮಾನ್ಯವಾದ ಡಿಒ-178ಸಿ ಎಂಬ 2011ರ ಮಾನದಂಡವು, ಪ್ರತಿಯೊಂದು ಅಗತ್ಯದಿಂದ ಸಂಕೇತದವರೆಗೆ, ಅಲ್ಲಿಂದ ಪರೀಕ್ಷೆಯವರೆಗೆ ಜಾಡು ಹಿಡಿಯಬಲ್ಲ ದಾಖಲೆಗಳನ್ನು ಅಪೇಕ್ಷಿಸುತ್ತದೆ. ಡಾಕ್‌ಸ್ಟ್ರಿಂಗ್ ಬರೆಯುವ ಅಭ್ಯಾಸ ಅಂತಹ ಶಿಸ್ತಿಗೆ ಮೊದಲ ಮೆಟ್ಟಿಲಾಗಬಹುದೇ ಹೊರತು ಅದರ ಬದಲಿಯಾಗಲಾರದು.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಸಂಕೇತವನ್ನು ಓದಿ ಡಾಕ್‌ಸ್ಟ್ರಿಂಗನ್ನು ತಾವೇ ಬರೆದುಕೊಡುತ್ತವೆ. ಸಂಕೇತ ಏನು ಮಾಡುತ್ತಿದೆ ಎಂಬುದನ್ನು ಅವು ಚೆನ್ನಾಗಿ ಹೇಳಬಲ್ಲವು. ಅದು ಏನು ಮಾಡಬೇಕಾಗಿತ್ತು ಎಂಬುದು ಬರೆದವರ ಮನಸ್ಸಿನಲ್ಲಿರುವ ಸಂಗತಿ. 2.20 ಎಂಬುದನ್ನು ದಶಮಾಂಶವಾಗಿ ಓದುವ ತಪ್ಪು ಫಂಕ್ಷನ್ನನ್ನು ಕೊಟ್ಟರೆ, ಆ ತಪ್ಪನ್ನೇ ಸೊಗಸಾದ ಭಾಷೆಯಲ್ಲಿ ವಿವರಿಸಿದ ಡಾಕ್‌ಸ್ಟ್ರಿಂಗ್ ಬರುವ ಸಂಭವವಿದೆ.

ತಾಂತ್ರಿಕ ಸೂಕ್ಷ್ಮಗಳು

ಪೈಥಾನನ್ನು ಎರಡು ‘ಓ’ಗಳ ಆಯ್ಕೆಯೊಡನೆ (ಗರಿಷ್ಠ ಸಂಕ್ಷೇಪ ಕ್ರಮ) ನಡೆಸಿದಾಗ ಡಾಕ್‌ಸ್ಟ್ರಿಂಗ್‌ಗಳು ತೆಗೆದುಹಾಕಲ್ಪಡುತ್ತವೆ. ಆದ್ದರಿಂದ ಪ್ರೋಗ್ರಾಮಿನ ಕಾರ್ಯವು ಡಾಕ್‌ಸ್ಟ್ರಿಂಗಿನ ಮೇಲೆ ಅವಲಂಬಿತವಾಗಿರಬಾರದು. ಮೌಲ್ಯಗಳನ್ನು ಒಳಸೇರಿಸುವ ‘ಎಫ್-ಸ್ಟ್ರಿಂಗ್’ ಎಂಬ ಬಗೆಯ ಪಠ್ಯವನ್ನು ಡಾಕ್‌ಸ್ಟ್ರಿಂಗಾಗಿ ಬಳಸಲು ಬರುವುದಿಲ್ಲ. ಪಠ್ಯದಲ್ಲಿ ಹಿಂದಕ್ಕೆ ಬಾಗಿದ ಓರೆಗೆರೆಗಳಿದ್ದರೆ ಅದನ್ನು ‘ಕಚ್ಚಾ ಪಠ್ಯ’ವೆಂದು ಗುರುತಿಸಬೇಕು, ಇಲ್ಲವಾದರೆ ಆ ಗೆರೆಗೆ ಯಂತ್ರವು ಬೇರೆ ಅರ್ಥ ಕಲ್ಪಿಸಬಹುದು. 2024ರಲ್ಲಿ ಬಂದ ಪೈಥಾನ್ 3.13 ಆವೃತ್ತಿಯಿಂದ ಡಾಕ್‌ಸ್ಟ್ರಿಂಗಿನ ಸಾಲುಗಳ ಆರಂಭದಲ್ಲಿ ಸಮಾನವಾಗಿರುವ ಖಾಲಿ ಜಾಗವನ್ನು ಭಾಷೆಯೇ ತೆಗೆದುಹಾಕುತ್ತದೆ.

ಕನ್ನಡದಲ್ಲಿ ಡಾಕ್‌ಸ್ಟ್ರಿಂಗ್

2008ರಲ್ಲಿ ಬಿಡುಗಡೆಯಾದ ಪೈಥಾನ್ 3ರಿಂದ ಮೂಲ ಸಂಕೇತದ ಕಡತಗಳು ಸಹಜವಾಗಿ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿರುತ್ತವೆ. ಹೀಗಾಗಿ ಡಾಕ್‌ಸ್ಟ್ರಿಂಗನ್ನು ಕನ್ನಡ ಲಿಪಿಯಲ್ಲಿ ಯಾವ ವಿಶೇಷ ಏರ್ಪಾಡೂ ಇಲ್ಲದೆ ಬರೆಯಬಹುದು. ಫಂಕ್ಷನ್‌ಗಳ ಹೆಸರುಗಳೂ ಕನ್ನಡದಲ್ಲಿರಬಹುದು. ಭಾಷೆಯ ಮೂಲ ಆದೇಶಪದಗಳು ಮಾತ್ರ ರೋಮನ್ ಲಿಪಿಯಲ್ಲಿರುತ್ತವೆ. ಗಮನಿಸಬೇಕಾದ ಕೆಲವು ಅಂಶಗಳು ಹೀಗಿವೆ:

ಹಳೆಯ ಫಾಂಟ್ ಆಧಾರಿತ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡವು ಸಂಕೇತ ಸಂಪಾದಕಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯುನಿಕೋಡ್ ವಿನ್ಯಾಸವನ್ನೇ ಬಳಸಬೇಕು.

ಒತ್ತಕ್ಷರವಾಗದಂತೆ ತಡೆಯಲು ‘ಡಾಕ್‌ಸ್ಟ್ರಿಂಗ್’ನಂತಹ ಪದಗಳಲ್ಲಿ ಬಳಸುವ ಅಗೋಚರ ಅಕ್ಷರವು (ಶೂನ್ಯ ಅಗಲದ ಬೇರ್ಪಡಕ) ಡಾಕ್‌ಸ್ಟ್ರಿಂಗಿನೊಳಗೆ ನಿರಪಾಯಕಾರಿ. ಫಂಕ್ಷನ್ನಿನ ಹೆಸರಿನಲ್ಲಿ ಅದು ಬಂದರೆ ಪೈಥಾನ್ ದೋಷವನ್ನು ಸೂಚಿಸುತ್ತದೆ. ದೋಷ ಕಣ್ಣಿಗೆ ಕಾಣದ ಕಾರಣ ಹೊಸಬರು ಇಲ್ಲಿ ಗೊಂದಲಕ್ಕೊಳಗಾಗುವುದುಂಟು.

ಈಮ್ಯಾಕ್ಸ್ ಲಿಸ್ಪ್‌ನಲ್ಲಿ ಫಂಕ್ಷನ್ ಸ್ವೀಕರಿಸುವ ಮೌಲ್ಯಗಳ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆದು ಎತ್ತಿತೋರಿಸುವ ರೂಢಿಯಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲದಿರುವುದರಿಂದ ಆ ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು ಉಚಿತ.

‘1ರಿಂದ 10ರವರೆಗೆ’ ಎಂದರೆ ಆಡುಮಾತಿನಲ್ಲಿ ಸಾಮಾನ್ಯವಾಗಿ 10 ಸೇರಿರುತ್ತದೆ. ಪೈಥಾನಿನ ‘ರೇಂಜ್’ನಲ್ಲಿ ಕೊನೆಯ ಸಂಖ್ಯೆ ಸೇರುವುದಿಲ್ಲ. ಆದ್ದರಿಂದ ‘10 ಸೇರಿ’ ಅಥವಾ ‘10ನ್ನು ಬಿಟ್ಟು’ ಎಂದು ಸ್ಪಷ್ಟವಾಗಿ ಬರೆಯಬೇಕು.

ಪೈಥಾನಿನಲ್ಲಿ ಪಠ್ಯವನ್ನು ಪೂರ್ಣಾಂಕವಾಗಿ ಬದಲಿಸುವ ಫಂಕ್ಷನ್ ‘೨೦’ ಎಂಬ ಕನ್ನಡ ಅಂಕಿಗಳನ್ನೂ 20 ಎಂದು ಸ್ವೀಕರಿಸುತ್ತದೆ. ಒಂದು ಫಂಕ್ಷನ್ ಎರಡೂ ಬಗೆಯ ಅಂಕಿಗಳನ್ನು ಒಪ್ಪುತ್ತದೆಯೇ ಎಂಬುದು ಡಾಕ್‌ಸ್ಟ್ರಿಂಗಿನಲ್ಲಿ ಇರತಕ್ಕ ಮಾಹಿತಿ.

ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಓದುಗರನ್ನು ಅವಲಂಬಿಸಿದೆ. ಪೈಥಾನಿನ ಬರವಣಿಗೆಯ ಶೈಲಿಯನ್ನು ನಿರ್ದೇಶಿಸುವ ‘ಪೆಪ್ 8’ ದಾಖಲೆಯು, ಬೇರೆ ಭಾಷೆಯವರು ಎಂದೂ ಓದುವುದಿಲ್ಲವೆಂಬ ಸಂಪೂರ್ಣ ಖಾತ್ರಿ ಇಲ್ಲದಿದ್ದರೆ ಟಿಪ್ಪಣಿಗಳನ್ನು ಇಂಗ್ಲಿಷಿನಲ್ಲಿ ಬರೆಯುವಂತೆ ಸೂಚಿಸುತ್ತದೆ. ಹಲವು ದೇಶಗಳವರು ಕೂಡಿ ನಡೆಸುವ ಯೋಜನೆಗಳಿಗೆ ಈ ಸಲಹೆ ಸರಿಯಾದುದು. ಶಾಲಾ ಕಾಲೇಜುಗಳ ಅಭ್ಯಾಸ, ಕನ್ನಡದ ಪದಪರೀಕ್ಷೆಯಂತಹ ಭಾಷಾ ತಂತ್ರಾಂಶ, ಗ್ರಾಮಮಟ್ಟದ ಲೆಕ್ಕಪತ್ರ ಇಂತಹ ಕಡೆಗಳಲ್ಲಿ ಕನ್ನಡದ ವಿವರಣೆಯೇ ಹೆಚ್ಚು ಉಪಯುಕ್ತ. ಎಕರೆ, ಗುಂಟೆ, ಪಹಣಿಯಂತಹ ಪದಗಳನ್ನು ಇಂಗ್ಲಿಷಿಗೆ ತಂದಾಗ ಕಳೆದುಹೋಗುವ ಅರ್ಥ ಕನ್ನಡದಲ್ಲಿ ಉಳಿಯುತ್ತದೆ.

ಶಿಕ್ಷಣದಲ್ಲಿ

ಎನ್‌ಸಿಇಆರ್‌ಟಿಯ 11 ಮತ್ತು 12ನೆಯ ತರಗತಿಯ ಗಣಕ ವಿಜ್ಞಾನ ಪುಸ್ತಕಗಳು ಪೈಥಾನನ್ನು ಆಧರಿಸಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಪೈಥಾನ್ ಪರಿಚಯವು ಎಂಜಿನಿಯರಿಂಗಿನ ಮೊದಲ ವರ್ಷದಲ್ಲೇ ಆಯ್ಕೆಯ ವಿಷಯವಾಗಿದೆ. ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಸಂಸ್ಥೆಯು ಈ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲೊಂದು. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಉದ್ದೇಶ, ವಿಧಾನ, ಫಲಿತಾಂಶಗಳನ್ನು ಬರೆಯುವ ಅಭ್ಯಾಸ ವಿದ್ಯಾರ್ಥಿಗಳಿಗೆ ಪ್ರೌಢಶಾಲೆಯಿಂದಲೇ ಇರುತ್ತದೆ. ಡಾಕ್‌ಸ್ಟ್ರಿಂಗ್ ಆ ಅಭ್ಯಾಸದ ಮುಂದುವರಿಕೆ. ದಾಖಲೆ ಪುಸ್ತಕವು ಪರೀಕ್ಷೆ ಮುಗಿದ ಮೇಲೆ ಕಪಾಟು ಸೇರುತ್ತದೆ, ಡಾಕ್‌ಸ್ಟ್ರಿಂಗ್ ಫಂಕ್ಷನ್ ಇರುವವರೆಗೂ ಅದರ ಜೊತೆಯಲ್ಲೇ ಇರುತ್ತದೆ.

ಅನೇಕ ವಿದ್ಯಾರ್ಥಿಗಳು ಫಂಕ್ಷನ್ನನ್ನು ಪೂರ್ತಿ ಬರೆದ ಮೇಲೆ ಡಾಕ್‌ಸ್ಟ್ರಿಂಗನ್ನು ಸೇರಿಸುತ್ತಾರೆ. ಸಾರಾಂಶದ ಒಂದು ಸಾಲನ್ನು ಮೊದಲೇ ಬರೆಯುವುದರಿಂದ ಇನ್ನೊಂದು ಲಾಭವಿದೆ. ಆ ಸಾಲು ‘ಮತ್ತು’, ‘ಹಾಗೂ’, ‘ಅಲ್ಲದೆ’ ಎಂದು ಬೆಳೆಯುತ್ತ ಹೋದರೆ ಆ ಫಂಕ್ಷನ್ ಒಂದಕ್ಕಿಂತ ಹೆಚ್ಚು ಕೆಲಸಗಳನ್ನು ಹೊತ್ತಿದೆ ಎಂದರ್ಥ, ಅದನ್ನು ಎರಡಾಗಿ ಒಡೆಯಬೇಕು. ಸಾಲನ್ನು ಬರೆಯಲು ಆಗದೆಯೇ ಹೋದರೆ ಮಾಡಬೇಕಾದ ಕೆಲಸ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ. ಹೀಗೆ ಡಾಕ್‌ಸ್ಟ್ರಿಂಗ್ ಮುಂದೆ ಓದುವವರಿಗೆ ನೆರವಾಗುವುದಕ್ಕೆ ಮೊದಲು ಬರೆಯುವವರ ಯೋಚನೆಯನ್ನೇ ತಿದ್ದುತ್ತದೆ.